ಹೆಗಲು ತರಚದ ನೊಗ

ಪ್ರಶ್ನೆ: ಅಯ್ಯನವರೇ, ದಾವಣಗೆರೆಯ ಹಳೇ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ, ಐದು ಜನ ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ಮೂರು ವರ್ಷದಿಂದ ಒಂದು ದಿನವೂ ತಪ್ಪಿಸದೆ ಬೆಳಿಗ್ಗೆ ಐದೂವರೆಗೆ ಎದ್ದು, ಬೈಬಲಿನ ದಿನದ ವಾಕ್ಯ ಓದಿ, ಪ್ರಾರ್ಥನೆ ಮಾಡಿ, ಆ ವಾಕ್ಯವನ್ನು ನಲವತ್ತು ಜನರಿಗೆ ವಾಟ್ಸಾಪಿನಲ್ಲಿ ಕಳುಹಿಸುತ್ತೇನೆ. ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಬಾಯಿ ನನ್ನ ಹಿಡಿತದಲ್ಲಿರುವುದಿಲ್ಲ. ಕಳೆದ ಜೂನ್‌ನಲ್ಲಿ ಶಾಲಾ ಸಮವಸ್ತ್ರಗಳ ಗಡಿಬಿಡಿಯಲ್ಲಿದ್ದೆವು. ಗುರುತು ಹಾಕಿಕೊಡಲೂ ನನಗೆ ಪುರುಸೊತ್ತಿರಲಿಲ್ಲ. ಕಾಜ ಮಾಡುವ ಹುಡುಗಿ ಒಂದು ಅಂಗಿಯ ಕಾಜಗಳನ್ನು ಅರ್ಧ ಇಂಚು ಕೆಳಗೆ ಮಾಡಿದಳೆಂದು ಗಿರಾಕಿಗಳ ಎದುರೇ ಆ ಅಂಗಿಯನ್ನು ಅವಳ ಮುಖಕ್ಕೆ ಎಸೆದೆ. ಎರಡು ದಿನ ಅವಳು ಬರಲಿಲ್ಲ. ಬಂದಮೇಲೂ ಬೇಕಾದಷ್ಟೇ ಮಾತು. ಅಂದು ಬೆಳಿಗ್ಗೆ ನಾನು ಎಲ್ಲರಿಗೂ ಕಳುಹಿಸಿದ್ದು ದಯೆಯ ಕುರಿತ ವಾಕ್ಯವೇ ಎಂಬುದನ್ನು ರಾತ್ರಿ ನನ್ನ ಮಗಳು ಫೋನ್ ಹಿಡಿದು ತೋರಿಸಿದಳು. ಪಕ್ಕದ ಓಣಿಯ ಮಂಡಕ್ಕಿ ಭಟ್ಟಿಯ ಮುಸ್ಲಿಂ ಯಜಮಾನರು ಕೆಲಸದವರನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ನನ್ನ ಮೂರು ವರ್ಷದ ಓದು ವ್ಯರ್ಥವೇ? ಹಾಗೆಂದು ದಯೆ ತೋರಿಸುತ್ತ ಹೋದರೆ, ಸದರ ಕೊಟ್ಟಂತಾಗಿ ಕೆಲಸ ಕೆಡುವುದಿಲ್ಲವೇ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಮೂರು ವರ್ಷ’ ಎಂಬ ಮಾತು. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಅಂಜೂರದ ಗಿಡದ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನೀವು ಓದಿಯೇ ಇರುತ್ತೀರಿ. ತೋಟದ ಒಡೆಯನು ಮೂರು ವರ್ಷದಿಂದ ಬಂದು ಬಂದು ನೋಡುತ್ತಾನೆ, ಹಣ್ಣಿಲ್ಲ, ಕಡಿದುಹಾಕು, ನೆಲವಾದರೂ ಯಾಕೆ ದಂಡವಾಗಬೇಕು ಎನ್ನುತ್ತಾನೆ. ತೋಟಗಾರನು ಗಿಡದ ಪರವಾಗಿ ವಾದ ಮಾಡುವುದಿಲ್ಲ, ಖಂಡಿತ ಹಣ್ಣು ಬಿಡುತ್ತದೆಂದು ಮಾತು ಕೊಡುವುದೂ ಇಲ್ಲ. ಇನ್ನೊಂದು ವರ್ಷ ಬಿಡಿ, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಎಂದಷ್ಟೇ ಕೇಳಿಕೊಳ್ಳುತ್ತಾನೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಮರುವರ್ಷ ಹಣ್ಣು ಬಂತೋ ಇಲ್ಲವೋ ಎಂಬುದನ್ನು ಸ್ವಾಮಿಯವರು ಹೇಳಲೇ ಇಲ್ಲ. ನಲವತ್ತು ವರ್ಷ ಸಭಾಪಾಲಕನಾಗಿ ಈ ಭಾಗವನ್ನು ಎಷ್ಟೋ ಸಲ ಬೋಧಿಸಿದ್ದೇನೆ, ಆದರೆ ಅದರ ಕೊನೆ ಹಾಗೆ ತೆರೆದುಕೊಂಡೇ ಇರುವುದರ ಬೆಲೆ ನನಗೆ ತಿಳಿದದ್ದು ಈಚೆಗೆ.

ಚನ್ನಗಿರಿಯ ಕಡೆ ಅಡಿಕೆ ಸಸಿ ನೆಟ್ಟವರು ಮೊದಲ ಫಸಲಿಗೆ ಐದಾರು ವರ್ಷ ಕಾಯುತ್ತಾರೆ, ಆದರೆ ಸುಮ್ಮನೆ ಕಾಯುವುದಿಲ್ಲ. ಬುಡ ಬಿಡಿಸುತ್ತಾರೆ, ಗೊಬ್ಬರ ಕೊಡುತ್ತಾರೆ, ಕೆರೆಯ ಗೋಡು ಹೊಡೆಸುತ್ತಾರೆ. ನಿಮ್ಮ ಮೂರು ವರ್ಷದ ಓದು ಗಿಡದ ಮೇಲೆ ಬಿದ್ದ ಮಳೆಯಂತೆ. ಅದು ವ್ಯರ್ಥವಲ್ಲ, ಇಲ್ಲದಿದ್ದರೆ ಮಗಳು ಫೋನ್ ತೋರಿಸಿದ ರಾತ್ರಿ ನಿಮಗೆ ನಿದ್ದೆ ಬರುತ್ತಿತ್ತು, ಈ ಪತ್ರವೂ ಬರುತ್ತಿರಲಿಲ್ಲ. ಆದರೆ ಬುಡದ ಮಣ್ಣು ಗಟ್ಟಿಯಾಗಿಯೇ ಉಳಿದಿರುವುದರಿಂದ ಮಳೆ ಮೇಲೆಯೇ ಹರಿದುಹೋಗುತ್ತಿದೆ, ಮತ್ತು ನೀವು ಅದನ್ನು ಇಂಗುವ ಮೊದಲೇ ನಲವತ್ತು ಮನೆಗಳಿಗೆ ಹಂಚಿಬಿಡುತ್ತಿದ್ದೀರಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಬಿದ್ದ ಮನ್ನ ಎಂಬ ಆಹಾರವನ್ನು ಅವರು ಪ್ರತಿದಿನ ಹೊತ್ತಾರೆ ಎದ್ದು ಕೂಡಿಸಿಕೊಂಡು ಅಂದೇ ತಿನ್ನಬೇಕಾಗಿತ್ತು. ನಾಳೆಗೆಂದು ಇಟ್ಟದ್ದು ಹುಳ ಬಿದ್ದು ನಾರಿತು. ವಾಕ್ಯವೂ ಅಂಥದ್ದೇ. ಓದಿದವರ ಹೊಟ್ಟೆಗೆ ಅದು ಅದೇ ದಿನ, ಅದೇ ಅಂಗಡಿಯಲ್ಲಿ ಇಳಿಯಬೇಕು.

ಈಗ ದಯೆ ಎಂಬ ಶಬ್ದದ ಬಳಿಗೆ ಬರೋಣ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಯ ಹಿಂದಿರುವ ಭಯ ಈ ಶಬ್ದವನ್ನು ನಾವು ಅರ್ಥಮಾಡಿಕೊಂಡಿರುವ ಬಗೆಯಿಂದ ಹುಟ್ಟಿದ್ದು. ನಮ್ಮ ಸೀಮೆಯವರ ಕಿವಿಗೆ ಈ ಶಬ್ದ ಮೊದಲು ಬೀಳುವುದು ಬಸವಣ್ಣನವರ ವಚನದಿಂದ, ಮತ್ತು ಅಲ್ಲಿ ಅದು ಸಕಲ ಜೀವಿಗಳನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ. ದಿನಬಳಕೆಯಲ್ಲಿ ಮಾತ್ರ ಅದು ಕುಗ್ಗಿ, ಮೇಲಿರುವವರು ಕೆಳಗಿರುವವರಿಗೆ ದಯಪಾಲಿಸುವ ವಸ್ತುವಾಗಿಬಿಟ್ಟಿದೆ. ದಯೆ ತೋರಿಸುವುದೆಂದರೆ ಬಿಟ್ಟುಕೊಡುವುದು, ಕಂಡೂ ಕಾಣದಂತಿರುವುದು, ತಪ್ಪನ್ನು ನುಂಗಿಕೊಳ್ಳುವುದು ಎಂದು ನೀವು ತಿಳಿದಿದ್ದೀರಿ. ಆದ್ದರಿಂದಲೇ ಸದರದ ಭಯ. ಹೊಸ ಒಡಂಬಡಿಕೆಯಲ್ಲಿ ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ 22ನೇ ವಚನದಲ್ಲಿ ಆತ್ಮನ ಫಲವನ್ನು, ಅಂದರೆ ಪವಿತ್ರಾತ್ಮನು ನಮ್ಮಲ್ಲಿ ಬೆಳೆಸುವ ಗುಣಗಳನ್ನು, ಹೇಳುವಾಗ ನಾವು ದಯೆ ಎಂದು ಓದುವ ಗ್ರೀಕ್ ಶಬ್ದ ‘ಖ್ರೆಸ್ತೊತೆಸ್’. ಅದರ ಮೂಲವಾದ ‘ಖ್ರೆಸ್ತೊಸ್’ ಎಂಬುದು ಬಳಸು, ಉಪಯೋಗಿಸು ಎಂಬ ಕ್ರಿಯಾಪದಕ್ಕೆ ಸಂಬಂಧಿಸಿದ್ದು. ಬಳಕೆಗೆ ಒದಗುವಂಥದ್ದು, ಹಿತವಾದದ್ದು ಎಂದು ಅರ್ಥ. ‘ಕಷ್ಟಕ್ಕೆ ಆಗುವವರು’ ಎಂದು ನಮ್ಮಲ್ಲಿ ಕೆಲವರನ್ನು ಕರೆಯುತ್ತೇವಲ್ಲ, ಆ ಮಾತು ಇದಕ್ಕೆ ತೀರಾ ಹತ್ತಿರ.

ಕ್ರಿಸ್ತ ಎಂಬುದರ ಗ್ರೀಕ್ ರೂಪವಾದ ‘ಖ್ರಿಸ್ತೊಸ್’ ಮತ್ತು ಈ ‘ಖ್ರೆಸ್ತೊಸ್’ ಕೇಳುವವರ ಕಿವಿಗೆ ಒಂದೇ ಆಗಿ ಬೀಳುತ್ತಿದ್ದುದರಿಂದ, ರೋಮ್ ಸಾಮ್ರಾಜ್ಯದ ಜನ ಮೊದಮೊದಲು ನಮ್ಮವರ ಹೆಸರನ್ನೇ ತಪ್ಪಾಗಿ ಉಚ್ಚರಿಸುತ್ತಿದ್ದರು. ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಸುಮಾರು ಕ್ರಿ.ಶ. 197ರಲ್ಲಿ ಇದನ್ನು ಗಮನಿಸಿ, ನೀವು ನಮ್ಮನ್ನು ತಪ್ಪು ಹೆಸರಿನಿಂದ ಕರೆದರೂ ಆ ಹೆಸರು ಸವಿಯಿಂದ, ದಯೆಯಿಂದ ಬಂದದ್ದೇ ಎಂದು ಬರೆದಿದ್ದಾನೆ. ಇಂದು ಯಾರಾದರೂ ನಮ್ಮ ಹೆಸರನ್ನು ಆ ಅರ್ಥದಲ್ಲಿ ತಪ್ಪಿ ಕರೆಯುವ ಸಂಭವವಿದೆಯೇ ಎಂದು ನಾನು ಕೆಲವೊಮ್ಮೆ ಯೋಚಿಸುವುದುಂಟು.

ಆದರೆ ನಿಮಗೆ ನಾನು ತೋರಿಸಬೇಕೆಂದಿರುವುದು ಇದೇ ಶಬ್ದ ಬರುವ ಇನ್ನೊಂದು ಸ್ಥಳ. ಮತ್ತಾಯನ ಸುವಾರ್ತೆ 11ನೇ ಅಧ್ಯಾಯದ ಕೊನೆಯಲ್ಲಿ ಯೇಸುಸ್ವಾಮಿ, ನನ್ನ ನೊಗವು ಮೃದುವಾದದ್ದು ಎನ್ನುತ್ತಾರೆ. ಅಲ್ಲಿ ಮೃದುವಾದದ್ದು ಎಂದು ನಾವು ಓದುವ ಶಬ್ದವೂ ‘ಖ್ರೆಸ್ತೊಸ್’. ಅಂದರೆ ನೊಗಕ್ಕೆ ಹೇಳಿದ ಗುಣವೂ ನಿಮ್ಮಲ್ಲಿ ಬೆಳೆಯಬೇಕೆಂದು ನೀವು ಬಯಸುತ್ತಿರುವ ಗುಣವೂ ಒಂದೇ. ಎರಡನೆಯ ಶತಮಾನದ ಹುತಾತ್ಮ ಜಸ್ಟಿನ್, ಯೇಸು ಬಡಗಿಯಾಗಿದ್ದಾಗ ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಬರೆದಿದ್ದಾನೆ. ಹಾಗಿದ್ದರೆ ನೊಗದ ಮಾತನ್ನು ಆಡಿದವರು ನೊಗ ಬಲ್ಲವರೇ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ರೈತನ ಮಗ. ನನಗೆ ಹತ್ತು ವರ್ಷವಿದ್ದಾಗ, ಮುಂಗಾರಿನ ಮೊದಲ ಹದಕ್ಕೆ ಹೂಡಿದ ನಮ್ಮ ಎಡಗಡೆಯ ಎತ್ತು ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಮಲಗಿಬಿಟ್ಟಿತು. ಅಪ್ಪ ಬಾರುಕೋಲು ಎತ್ತಿದರು. ನಮ್ಮಲ್ಲಿ ಬಹಳ ವರ್ಷದಿಂದ ದುಡಿಯುತ್ತಿದ್ದ ಮುದುಕರೊಬ್ಬರು, ತಡಿ ಗೌಡ ಎಂದು ಕೂಗಿ ಬಂದು, ನೊಗ ಬಿಚ್ಚಿ, ಅದರ ಅಡಿಯಲ್ಲಿ ಅಂಗೈಯನ್ನು ನಿಧಾನವಾಗಿ ಆಡಿಸಿದರು. ಒಂದು ಕಡೆ ಕೈ ನಿಂತಿತು. ಬೇಸಿಗೆಯಿಡೀ ಬಿಸಿಲಿಗೆ ಬಿದ್ದಿದ್ದ ಮರದಲ್ಲಿ ಒಂದು ಗಂಟು ಕಡಲೆಕಾಳಿನಷ್ಟು ಮೇಲೆದ್ದಿತ್ತು. ಎತ್ತಿನ ಹೆಗಲ ಮೇಲೆ ಅದೇ ಜಾಗದಲ್ಲಿ ರೋಮ ಉದುರಿ, ಚರ್ಮ ತರಚಿ, ನೊಣ ಕೂತಿತ್ತು. ಬಡಗಿ ಬಾಚಿಯಿಂದ ಆ ಗಂಟನ್ನು ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದ. ಗಾಯಕ್ಕೆ ಹರಳೆಣ್ಣೆ ಅರಿಸಿನ ಹಚ್ಚಿದರು. ಎತ್ತಿಗೆ ಮೂರು ದಿನ ಬಿಡುವು ಸಿಕ್ಕಿತು. ನಾಲ್ಕನೆಯ ದಿನ ಅದೇ ಎತ್ತು ಅದೇ ನೊಗಕ್ಕೆ ಹೆಗಲು ಕೊಟ್ಟು ಅದೇ ಹೊಲವನ್ನು ಉತ್ತಿತು.

ನಿಮ್ಮ ಸದರದ ಪ್ರಶ್ನೆಗೆ ನನ್ನ ಉತ್ತರ ಆ ನಾಲ್ಕನೆಯ ದಿನದಲ್ಲಿದೆ. ಮುದುಕರು ನೊಗವನ್ನು ಬಿಸಾಡಲಿಲ್ಲ, ಉಳುಮೆಯನ್ನು ಅರ್ಧಕ್ಕೆ ಇಳಿಸಲೂ ಇಲ್ಲ. ಭಾರ ಎಲ್ಲಿ ತರಚುತ್ತಿದೆ ಎಂದು ಕೈಯಾಡಿಸಿ ನೋಡಿದರು, ಅಷ್ಟೆ. ಕಾಜ ಅರ್ಧ ಇಂಚು ಕೆಳಗೆ ಬಿದ್ದರೆ ಅದು ತಪ್ಪೇ. ಕಷ್ಟಪಟ್ಟು ಹಣ ಹೊಂದಿಸಿ ಮಗುವಿಗೆ ಅಂಗಿ ಹೊಲಿಸುವ ತಂದೆತಾಯಿಗೆ ನೀವು ಸರಿಯಾದ ಅಂಗಿಯನ್ನೇ ಕೊಡಬೇಕು, ಆದ್ದರಿಂದ ಆ ತಪ್ಪನ್ನು ಹುಡುಗಿಗೆ ಹೇಳಲೇಬೇಕು, ತಿದ್ದಿಸಲೇಬೇಕು. ಹೇಳದೆ ಬಿಟ್ಟು, ರಾತ್ರಿ ನೀವೇ ಕೂತು ಸರಿಮಾಡಿ, ಮನಸ್ಸಿನಲ್ಲಿ ಅವಳನ್ನು ಬೈದುಕೊಳ್ಳುವುದು ದಯೆಯಲ್ಲ. ಅದರಿಂದ ಅವಳ ಕೈಗೆ ಕೆಲಸ ಬರುವುದೇ ಇಲ್ಲ, ನಿಮ್ಮ ಹೊಟ್ಟೆಯಲ್ಲಿ ಸಿಟ್ಟು ಹಳಸುತ್ತದೆ. ಹೇಳುವ ಮಾತು ನೊಗ. ಗಿರಾಕಿಗಳ ಎದುರು, ಮುಖಕ್ಕೆ ಎಸೆದು ಹೇಳಿದ್ದು ಗಂಟು. ಗಂಟನ್ನು ಕೆತ್ತಿದರೆ ನೊಗಕ್ಕೇನೂ ಆಗುವುದಿಲ್ಲ.

ಇನ್ನು ಬುಡ ಅಗೆಯುವ ಕೆಲಸ. ನಿಮ್ಮ ಪತ್ರದಲ್ಲಿ ನೀವು ಜಾರಿಸಿಬಿಟ್ಟ ಒಂದು ವಾಕ್ಯವಿದೆ: ಗುರುತು ಹಾಕಿಕೊಡಲೂ ಪುರುಸೊತ್ತಿರಲಿಲ್ಲ. ಗುರುತಿಲ್ಲದ ಬಟ್ಟೆಯ ಮೇಲೆ ಕಣ್ಣಳತೆಯಿಂದ ಕಾಜ ಮಾಡಿದವಳಿಗೆ ಅರ್ಧ ಇಂಚು ತಪ್ಪಿತು. ಪುರುಸೊತ್ತು ಏಕಿರಲಿಲ್ಲ? ಐವರ ಕೈಗೆ ಸಾಗದಷ್ಟು ಬಟ್ಟೆಯನ್ನು ಮೇ ತಿಂಗಳಲ್ಲೇ ಒಪ್ಪಿಕೊಂಡಿದ್ದಿರಿ ಎಂದು ನಾನು ಊಹಿಸುತ್ತೇನೆ. ಬಂದ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಲು ಯಾವ ಅಂಗಡಿಯವರಿಗೂ ಮನಸ್ಸು ಬಾರದು. ಹಾಗಿದ್ದರೆ ಜೂನ್ ತಿಂಗಳ ಸಿಟ್ಟನ್ನು ಮೇ ತಿಂಗಳಲ್ಲೇ ಕತ್ತರಿಸಿ ಇಟ್ಟಿದ್ದಿರಿ, ಹೊಲಿದದ್ದು ಮಾತ್ರ ಜೂನ್‌ನಲ್ಲಿ. ಮುಂದಿನ ವರ್ಷ ಇಷ್ಟೇ ಅಂಗಿ ಎಂದು ಏಪ್ರಿಲ್‌ನಲ್ಲೇ ಸಂಖ್ಯೆ ನಿಗದಿಮಾಡಿ ಗೋಡೆಗೆ ಬರೆದು ಅಂಟಿಸಿ. ಕಾಜದ ಜಾಗಗಳಿಗೆ ತೂತು ಕೊರೆದ ಒಂದು ರಟ್ಟಿನ ಅಚ್ಚನ್ನು ಅಳತೆಗೊಂದರಂತೆ ಕತ್ತರಿಸಿ ಅವಳ ಕೈಗೆ ಕೊಡಿ. ಇದೇನು ಆತ್ಮಿಕ ಸಲಹೆಯೇ ಎಂದು ನಿಮಗೆ ಅನ್ನಿಸಬಹುದು. ದೀರ್ಘಶಾಂತಿ ಬೇಕೆಂದು ಮೊಣಕಾಲೂರಿ ಬೇಡಿಕೊಂಡು, ಶಾಂತಿ ಇರಲಾರದಂಥ ದಿನವನ್ನು ತಮ್ಮ ಕೈಯಾರೆ ಕಟ್ಟಿಕೊಳ್ಳುವ ಭಕ್ತರನ್ನು ನಾನು ಬಹಳ ಕಂಡಿದ್ದೇನೆ; ಅವರಲ್ಲಿ ನಾನೂ ಒಬ್ಬ.

ಕೂಲಿಯ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ, ಯಾಜಕಕಾಂಡ 19:13 ಸ್ಪಷ್ಟವಾಗಿಯೇ ಇದೆ: ಕೂಲಿಯವನ ಕೂಲಿ ಮರುದಿನ ಬೆಳಗಿನ ತನಕ ನಿನ್ನ ಬಳಿ ಉಳಿಯಬಾರದು. ಗಡಿಬಿಡಿಯ ತಿಂಗಳಲ್ಲಿ ರಾತ್ರಿ ಎಂಟರ ತನಕ ಕೂರಿಸಿಕೊಂಡ ಹೊತ್ತಿಗೆ ಲೆಕ್ಕ ಹಾಕಿ ಹಣ ಕೊಡಿ. ಅದನ್ನು ಕೊಡದೆ ಕ್ರಿಸ್‌ಮಸ್‌ಗೆ ಒಂದು ಸೀರೆ ಕೊಟ್ಟರೆ, ಕೊಟ್ಟವರಿಗೆ ದಯೆ ಎನಿಸಿದರೂ ತೆಗೆದುಕೊಂಡವರು ಮನೆಗೆ ಹೋಗಿ ಬೇರೆಯೇ ಲೆಕ್ಕ ಹಾಕುತ್ತಾರೆ.

ನಿಮ್ಮ ದೇಹದ ಬಗ್ಗೆಯೂ ಒಂದು ಮಾತು. ಐದೂವರೆಗೆ ಏಳುತ್ತೀರಿ ಸರಿ, ಮಲಗುವುದು ಎಷ್ಟು ಹೊತ್ತಿಗೆಂದು ಬರೆದಿಲ್ಲ. ಅರಸುಗಳು ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿಯಾದ ಎಲೀಯನು ಗಿಡದ ಕೆಳಗೆ ಬಿದ್ದು, ಸಾಕಾಯಿತು, ನನ್ನ ಪ್ರಾಣ ತೆಗೆ ಎಂದು ಕೂಗಿಕೊಂಡಾಗ, ದೇವದೂತನು ಅವನಿಗೆ ವಾಕ್ಯ ಓದಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ಒಂದು ತಂಬಿಗೆ ನೀರನ್ನೂ ಇಟ್ಟು, ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದನು. ಎಲೀಯನು ತಿಂದು ಮತ್ತೆ ಮಲಗಿದನು. ದೂತನು ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದನು. ದೇವರ ಮಾತು ಅವನಿಗೆ ಬಂದದ್ದು ಆಮೇಲೆ. ಬೆಳಗಿನ ಹನ್ನೊಂದಕ್ಕೇ ಸರಿಯಾಗಿ ಸಿಟ್ಟು ಏರುತ್ತದೆಂದರೆ ತಿಂಡಿ ತಿಂದು ಹೋಗುತ್ತೀರೋ ಇಲ್ಲವೋ ಎಂದೂ ಕೇಳಬೇಕಾಗುತ್ತದೆ. ನಿದ್ದೆ ಕೆಟ್ಟಿದ್ದರೆ, ಕಾರಣವಿಲ್ಲದೆ ರೇಗುವುದು ತಿಂಗಳುಗಟ್ಟಲೆ ನಡೆದಿದ್ದರೆ ವೈದ್ಯರಲ್ಲಿ ಹೋಗಿ ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ಮಾತ್ರೆಯಿಂದ ಇಳಿಯುವ ಸಿಟ್ಟನ್ನು ಪಾಪವೆಂದುಕೊಂಡು ಅಳುತ್ತ ಕೂರುವುದು ಬೇಡ.

ಭಟ್ಟಿಯ ಯಜಮಾನರ ಕುರಿತು ಬರೆಯುವಾಗ ನಿಮ್ಮ ಮಾತಿನಲ್ಲಿ ಸ್ವಲ್ಪ ನಾಚಿಕೆ ಇತ್ತು. ನಾಚಬೇಕಾದದ್ದೇನೂ ಇಲ್ಲ. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ ಪೌಲನಿದ್ದ ಹಡಗು ಒಡೆದು 276 ಜನರು ಈಜಿ, ಹಲಗೆ ಹಿಡಿದು ಮೆಲೀತೆ ದ್ವೀಪದ ದಡ ಸೇರಿದಾಗ, ಮಳೆಯಲ್ಲಿ ನಡುಗುತ್ತಿದ್ದವರಿಗೆಲ್ಲ ಬೆಂಕಿ ಹಾಕಿ ಕರೆದವರು ಯೇಸುವಿನ ಹೆಸರನ್ನೇ ಕೇಳಿರದ ದ್ವೀಪವಾಸಿಗಳು. ಅವರು ತೋರಿಸಿದ್ದು ಸಾಧಾರಣ ದಯೆಯಲ್ಲವೆಂದು ಆ ಪುಸ್ತಕವನ್ನು ಬರೆದ ಲೂಕನು ಮನಸಾರೆ ಬರೆಯುತ್ತಾನೆ. ಮುಂದಿನ ವಾಕ್ಯದಲ್ಲಿ ನಮ್ಮ ಪೌಲನು ಸೌದೆ ಕೂಡಿಸುತ್ತಿದ್ದಾನೆ. ಹೊಸ ಒಡಂಬಡಿಕೆಯಲ್ಲಿ ನನಗೆ ಅತಿಪ್ರಿಯವಾದ ದೃಶ್ಯಗಳಲ್ಲಿ ಅದೂ ಒಂದು: ಅಷ್ಟು ಪತ್ರಿಕೆಗಳನ್ನು ಬರೆದ ಅಪೊಸ್ತಲನು ಇನ್ನೊಬ್ಬರು ಹೊತ್ತಿಸಿದ ಬೆಂಕಿಗೆ ಪುರಲೆ ಆರಿಸುತ್ತಿರುವುದು. ಆ ಯಜಮಾನರನ್ನು ಕಂಡರೆ, ಕೆಲಸದವರಿಗೆ ತಪ್ಪನ್ನು ಹೇಗೆ ಹೇಳುತ್ತೀರಿ ಎಂದು ಕೇಳಿ ನೋಡಿ. ಭಟ್ಟಿಯ ಕಾವಿನಲ್ಲಿ ನಿಂತು ದಿನವಿಡೀ ಆಳುಗಳನ್ನು ಸಂಭಾಳಿಸುವವರಿಗೆ ಗೊತ್ತಿರುವುದು ನನ್ನಂಥ ನಿವೃತ್ತ ಅಯ್ಯನವರಿಗೆ ಗೊತ್ತಿರಲಿಕ್ಕಿಲ್ಲ.

ದಿನದ ಅಭ್ಯಾಸವನ್ನು ಹೇಗೆ ಬದಲಿಸಬೇಕೆಂಬುದಕ್ಕೆ ನನ್ನ ಸಲಹೆ ಇಷ್ಟು. ವಾಕ್ಯವನ್ನು ಓದಿ, ಆದರೆ ಸಂಜೆಯ ತನಕ ಯಾರಿಗೂ ಕಳುಹಿಸಬೇಡಿ. ಓದಿದ ಮೇಲೆ, ಇವತ್ತು ನನ್ನ ನೊಗ ಯಾರ ಹೆಗಲ ಮೇಲೆ ಇರುತ್ತದೆ, ಎಲ್ಲಿ ತರಚಬಹುದು ಎಂದು ದೇವರ ಮುಂದೆ ಎರಡು ನಿಮಿಷ ಕೂತು ಯೋಚಿಸಿ, ಒಂದೇ ಒಂದು ಹೆಸರನ್ನು ಅಂಗಡಿಯ ಅಳತೆ ಪುಸ್ತಕದ ಆ ದಿನದ ಪುಟದ ಮೂಲೆಯಲ್ಲಿ ಬರೆಯಿರಿ. ಅತ್ತೆಯ ಹೆಸರಾಗಬಹುದು, ಗುಂಡಿ ತಂದುಕೊಡುವ ಹುಡುಗನದಾಗಬಹುದು. ಆ ಹೆಸರಿನ ಪಕ್ಕದಲ್ಲಿ ಹನ್ನೊಂದು ಗಂಟೆಯೊಳಗೆ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಬರೆಯಿರಿ. ಸಂಜೆ ಅದು ನಡೆಯಿತೋ ಇಲ್ಲವೋ ಎಂದು ಗುರುತು ಹಾಕಿ, ನಲವತ್ತು ಜನರಲ್ಲಿ ನಿಮಗೆ ನಿಜ ಹೇಳುವ ಒಬ್ಬರಿಗೆ ಆ ಗುರುತನ್ನೂ ವಾಕ್ಯವನ್ನೂ ಕೂಡಿಸಿ ಕಳುಹಿಸಿ. ಇಬ್ರಿಯರಿಗೆ ಬರೆದ ಪತ್ರಿಕೆಯ 3:13 ಪ್ರತಿದಿನವೂ ಒಬ್ಬರನ್ನೊಬ್ಬರು ಪ್ರೋತ್ಸಾಹಿಸಿ ಎಚ್ಚರಿಸಬೇಕೆಂದು ಹೇಳುವುದು ಇಂಥ ಒಡನಾಟವನ್ನೇ ಎಂಬುದು ನನ್ನ ಅಭಿಪ್ರಾಯ. ಮಗಳೇ ಆ ಒಬ್ಬಳಾಗಲು ಒಪ್ಪಿದರೆ ಇನ್ನೂ ಒಳ್ಳೆಯದು. ಫೋನ್ ಹಿಡಿದು ತೋರಿಸುವ ಧೈರ್ಯ ಆಕೆಗಿದೆ.

ಒಳಗೆ ಇಲ್ಲದ್ದನ್ನು ಹೊರಗೆ ತೋರಿಸುವುದು ನಟನೆಯಲ್ಲವೇ ಎಂಬ ಶಂಕೆ ಕೆಲವು ದಿನಗಳಲ್ಲೇ ನಿಮಗೆ ಬರುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಪೌಲನು ಕೋಪ ಕ್ರೋಧಗಳನ್ನು ಬಿಟ್ಟುಬಿಡಲು ಹೇಳಿ, ಕನಿಕರ ದಯೆಗಳನ್ನು ಧರಿಸಿಕೊಳ್ಳಿರಿ ಎನ್ನುತ್ತಾನೆ. ಬಟ್ಟೆಗೆ ಬಳಸುವ ಮಾತದು. ಕಚ್ಚಾ ಹೊಲಿಗೆ ಹಾಕಿದ ರವಿಕೆಯನ್ನು ತೊಡಿಸಿ ನೋಡುವಾಗ ಅದು ಯಾರ ಮೈಗೂ ಕೂರುವುದಿಲ್ಲ, ಇದು ಅವಳದ್ದೇ ಅಲ್ಲ ಎಂಬಂತೆ ಕಾಣುತ್ತದೆ. ಎಲ್ಲಿ ಹಿಡಿಯಬೇಕು ಎಲ್ಲಿ ಬಿಡಬೇಕು ಎಂದು ತಿಳಿಯುವುದು ತೊಟ್ಟ ಮೇಲೆಯೇ ಎಂಬುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಗಲಾತ್ಯ ಪತ್ರಿಕೆಯಲ್ಲಿ ಇದನ್ನೇ ಆತ್ಮನ ಫಲವೆಂದು ಕರೆದಿರುವುದರಿಂದ, ನೀವು ತೊಡುತ್ತಿರುವುದನ್ನು ಒಳಗಿನಿಂದ ಬೆಳೆಸುವವರು ಬೇರೆ ಒಬ್ಬರಿದ್ದಾರೆ ಎಂಬ ಧೈರ್ಯವೂ ಇರಲಿ.

ಉಳಿದದ್ದು ಆ ಹುಡುಗಿಯ ವಿಷಯ. ಚಿತ್ರದುರ್ಗದಲ್ಲಿ ಸೇವೆಯಲ್ಲಿದ್ದಾಗ ಒಂದು ಕ್ರಿಸ್‌ಮಸ್ ವಾರ, ದೇವಾಲಯದ ಬೀಗದ ಕೈ ಹೊತ್ತಿಗೆ ಸರಿಯಾಗಿ ಸಿಗಲಿಲ್ಲವೆಂದು ಅಲ್ಲಿನ ಕಾವಲುಗಾರರನ್ನು ಮೆಟ್ಟಿಲ ಮೇಲೆ, ಹಾಡುವ ಮಕ್ಕಳೆಲ್ಲರ ಎದುರು, ಬಾಯಿಗೆ ಬಂದಂತೆ ಬೈದೆ. ನನಗಿಂತ ಹತ್ತು ವರ್ಷ ದೊಡ್ಡವರು. ರಾತ್ರಿ ಮನಸ್ಸು ತಡೆಯದೆ ಅವರನ್ನು ನನ್ನ ಕೋಣೆಗೆ ಕರೆಸಿ, ಬಾಗಿಲು ಹಾಕಿ, ತಪ್ಪಾಯಿತು ಎಂದೆ. ಅವರು, ಇರಲಿ ಅಯ್ಯನವರೇ, ಎಂದು ಹೋದರು. ಬಹಳ ದಿನಗಳ ಮೇಲೆ, ಬೇರೆ ಏನೋ ಮಾತಿನ ನಡುವೆ, ಬೈದದ್ದು ಮೆಟ್ಟಿಲ ಮೇಲೆ, ಸಮಾಧಾನ ಹೇಳಿದ್ದು ಕೋಣೆಯೊಳಗೆ ಎಂದು ನಕ್ಕರು. ಆ ನಗುವಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಆ ಮಕ್ಕಳು ಪರೀಕ್ಷೆ ಮುಗಿಸಿ ಬೇರೆ ಬೇರೆ ಊರು ಸೇರಿದ್ದರು.

ಅಂದು ಇದ್ದ ಗಿರಾಕಿಗಳನ್ನು ನೀವು ಈಗ ಕೂಡಿಸಲಾರಿರಿ, ಆದರೆ ಉಳಿದ ನಾಲ್ವರು ಹೆಣ್ಣುಮಕ್ಕಳು ಅಲ್ಲೇ ಇದ್ದಾರೆ. ಬೆಳಿಗ್ಗೆ ಮಷಿನ್‌ಗಳು ಶುರುವಾಗುವ ಮೊದಲು, ಅವರೆಲ್ಲರೂ ಕೇಳುವಂತೆ ಹೇಳಿ. ಮಷಿನ್ ಸದ್ದಿನ ನಡುವೆ ಹೇಳಿದರೆ ಅದು ಯಾರಿಗೂ ಕೇಳದಿರಲೆಂದೇ ಹೇಳಿದಂತಾಗುತ್ತದೆ. ಗುರುತು ಹಾಕಿಕೊಡದಿದ್ದದ್ದು ನಾನು, ಅಂಗಿ ಎಸೆದದ್ದು ನನ್ನ ತಪ್ಪು, ಇಷ್ಟು ಸಾಕು. ನನಗೆ ಕೆಲಸದ ಒತ್ತಡವಿತ್ತು ಎಂದು ಬಾಲ ಸೇರಿಸಬೇಡಿ, ದೇವರು ನನಗೆ ತೋರಿಸಿದ ಎಂದು ಸಾಕ್ಷಿ ಹೇಳಲೂ ಹೋಗಬೇಡಿ. ಅವಳು ಏನೂ ಹೇಳದೆ ಸೂಜಿಗೆ ದಾರ ಪೋಣಿಸಿಕೊಂಡು ಕೆಲಸಕ್ಕೆ ಕೂತರೆ ಹಾಗೆಯೇ ಬಿಡಿ. ಅವಳ ಹೆಗಲು ಮಾಯಲು ಎಷ್ಟು ದಿನ ಬೇಕೆಂಬುದನ್ನು ನೀವು ನಿಗದಿಮಾಡಲಾಗದು. ಶನಿವಾರ ಬಟವಾಡೆ ಮಾಡುವಾಗ, ಅವಳು ಬಾರದೆ ಇದ್ದ ಆ ಎರಡು ದಿನಗಳ ಕೂಲಿಯನ್ನು ಹಿಡಿದುಕೊಂಡಿದ್ದರೆ, ಅದನ್ನು ಅವಳ ಲೆಕ್ಕಕ್ಕೆ ಸೇರಿಸಿ ಕೊಟ್ಟುಬಿಡಿ.